ಖಾಲಿ ಹಿತ್ತಾಳೆಯನ್ನು ಮನೆಯಲ್ಲೇ ಮತ್ತೆ ತುಂಬುವ ವಿಧಾನ

ಅಮೆರಿಕದ ಎಷ್ಟೋ ಬೇಟೆಗಾರರು ಹಾರಿಸಿದ ಕಾಡತೂಸಿನ ಖಾಲಿ ಹಿತ್ತಾಳೆಯನ್ನು ಎಸೆಯುವುದಿಲ್ಲ. ಆಯ್ದು ತಂದು, ತೊಳೆದು, ಒಣಗಿಸಿ, ಬಿರುಕು ಬಿಟ್ಟಿದೆಯೇ ಎಂದು ನೋಡಿ, ಮನೆಯಲ್ಲೇ ಮತ್ತೆ ಮದ್ದು ತುಂಬುತ್ತಾರೆ. ಈ ಕಸುಬಿಗೆ ಅಲ್ಲಿ ದಪ್ಪ ದಪ್ಪ ಕೈಪಿಡಿಗಳಿವೆ. ಮರಾಠವಾಡದ ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಕನ್ನಡ ಮನೆಗಳು ಹಿಂದೆ ಬೀಳಬಾರದೆಂದು, ಸಾಸ್ತೂರದ ಓದುಗರಿಗಾಗಿ ಈ ಸೂಚನೆಗಳನ್ನು ಸಿದ್ಧಪಡಿಸಲಾಗಿದೆ.

ಕೆಲಸಕ್ಕೆ ಮುನ್ನ

1959ರ ಶಸ್ತ್ರಾಸ್ತ್ರ ಕಾಯ್ದೆಯನ್ನು ಒಮ್ಮೆ ಓದಿ. ಅದರ ಲೆಕ್ಕದಲ್ಲಿ ಮದ್ದುಗುಂಡು ಎಂದರೆ ತುಂಬಿದ ಕಾಡತೂಸು ಮಾತ್ರ ಅಲ್ಲ, ಅದರ ಬಿಡಿಭಾಗವೂ ಹೌದು, ತಯಾರಿಸುವ ಯಂತ್ರವೂ ಹೌದು. ಪರವಾನಗಿ ಇಲ್ಲದೆ ತಯಾರಿಕೆಗೆ ಕೈ ಹಾಕಿದರೆ 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ 7 ವರ್ಷ, ಮೇಲೆ ಜೀವಾವಧಿಯವರೆಗೂ ಸಜೆ. ಕೊಡಗಿನವರಿಗೆ 1861ರಿಂದಲೂ ವಿನಾಯಿತಿ ಇದೆಯಲ್ಲ, ಈಗ 2029ರವರೆಗೆ ಮುಂದುವರಿಸಿದ್ದಾರಲ್ಲ ಎಂದು ವಾದ ಹೂಡುವವರು ಇದ್ದೇ ಇರುತ್ತಾರೆ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಅಡುಗೆಮನೆಯಲ್ಲಿ ತೋಟೆ ಕಟ್ಟುವುದಕ್ಕಲ್ಲ. ಮೇಲಾಗಿ ಸಾಸ್ತೂರ ಕೊಡಗಿನಲ್ಲಿಲ್ಲ.

ಆದ್ದರಿಂದ ಮೂಲ ಕೈಪಿಡಿಯಲ್ಲಿ ಎರಡೇ ತಿದ್ದುಪಡಿ ಮಾಡಿಕೊಳ್ಳಿ: ಕಾಡತೂಸು ಎಂದಿರುವಲ್ಲೆಲ್ಲ ಕೊಡ, ಮದ್ದು ಎಂದಿರುವಲ್ಲೆಲ್ಲ ನೀರು. ಉಳಿದದ್ದಕ್ಕೆ ಕೈ ಹಚ್ಚುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಕಾಡತೂಸಿಗೆ ಬಳಸುವುದು ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಬೆರೆತ ಹಿತ್ತಾಳೆ. ನಿಮ್ಮ ಅಜ್ಜಿಯ ಕೊಡವೂ ಅದೇ ಕುಲದ್ದು, ಪ್ರಮಾಣ ತುಸು ಆಚೀಚೆ.

ಹಂತ 1: ಹೆಕ್ಕುವುದು, ವಿಂಗಡಿಸುವುದು

ಕಾಡತೂಸಿನ ಬುಡದಲ್ಲಿ ಕಾರ್ಖಾನೆಯ ಗುರುತು ಒತ್ತಿರುತ್ತದೆ. ಗುರುತು ನೋಡಿ ಬೇರೆಬೇರೆ ಗುಂಪು ಮಾಡಿ, ಬೆರೆಸಬೇಡಿ ಎಂದು ಮೂಲ ಕೈಪಿಡಿ ಒತ್ತಿ ಹೇಳುತ್ತದೆ. ಇಲ್ಲಿ ಗುರುತು ಕಂಠದ ಸುತ್ತ ಇರುತ್ತದೆ: ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು, ಊರು, ಮದುವೆಯ ತಾರೀಖು, ಹೆಚ್ಚಿನಂಶ ಮರಾಠಿಯಲ್ಲಿ. ಹಿರಿ ಸೊಸೆಯ ತವರಿನಿಂದ ಬಂದದ್ದನ್ನು ಕಿರಿ ಸೊಸೆಯ ಸಾಲಿನಲ್ಲಿಟ್ಟರೆ ಆಗುವ ಸ್ಫೋಟಕ್ಕೆ ಮದ್ದು ಬೇಕಿಲ್ಲ. ಅಕ್ಷರ ಸವೆದು ಯಾರದ್ದೆಂದು ತಿಳಿಯದಿದ್ದರೆ ಅತ್ತೆಯದು ಎಂದೇ ಬರೆದುಕೊಳ್ಳಿ. ತಕರಾರು ಬರುವುದಿಲ್ಲ.

ತಗ್ಗು ಬಿದ್ದವನ್ನು ಪಕ್ಕಕ್ಕೆ ತೆಗೆದಿಡಿ. ಈ ಭಾಗದಲ್ಲಿ ಅಂಥವು ತುಸು ಹೆಚ್ಚು. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಕಿಲ್ಲಾರಿ, ಸಾಸ್ತೂರ ಸುತ್ತಿನ ಮಣ್ಣಿನ ಗಿಲಾವಿನ ಕಲ್ಲುಗೋಡೆಗಳು, ಭಾರದ ಮಣ್ಣಿನ ಮಾಳಿಗೆಗಳು ಮಲಗಿದ್ದವರ ಮೇಲೆ ಬಿದ್ದವು. ಅಡಿಯಿಂದ ತೆಗೆದ ಕೊಡದ ತಗ್ಗನ್ನು ತಾಂಬಟಗಾರನ ಕೈಗೆ ಕೊಟ್ಟು ಎತ್ತಿಸಬೇಕೋ ಬೇಡವೋ ಎಂಬುದನ್ನು ಮನೆಯವರೇ ತೀರ್ಮಾನಿಸಲಿ. ಕೈಪಿಡಿ ಅದರಲ್ಲಿ ಬಾಯಿ ಹಾಕುವುದಿಲ್ಲ.

ಹಂತ 2: ತೊಳೆಯುವುದು

ಮೂಲದಲ್ಲಿ ಗಿರಗಿರ ತಿರುಗುವ ಡಬ್ಬಿ, ಅದರಲ್ಲಿ ಮುರಿದ ಗೋವಿನಜೋಳದ ದಿಂಡು, ಸಿಟ್ರಿಕ್ ಆಮ್ಲ ಎಂದೆಲ್ಲ ಇದೆ. ನಮ್ಮಲ್ಲಿ ಹುಣಸೆಹಣ್ಣು, ಕುಳ್ಳಿನ ಬೂದಿ, ತೆಂಗಿನ ನಾರು. ಕೆಲಸ ಒಂದೇ: ಹುಳಿ ಕಿಲುಬನ್ನು ಕರಗಿಸುತ್ತದೆ, ಒರಟು ಪದಾರ್ಥ ಅದನ್ನು ಕಿತ್ತು ತೆಗೆಯುತ್ತದೆ. ತಿರುಗುವ ಡಬ್ಬಿಗೆ ಕರೆಂಟು ಬೇಕು. ಇಲ್ಲಿ ತಿರುಗುವುದು ಮಣಿಕಟ್ಟು. ಪಕ್ಕದಲ್ಲಿ ಕೂತ ಆಯಿ “ಹುಣಸಿಹಣ್ಣ ಹಚ್ಚಿ ಹಂಗೇ ಬಿಡಬ್ಯಾಡ, ಲಗೂನ ತೊಳಿ” ಎನ್ನುತ್ತಾಳೆ. ಸರಿಯಾಗಿಯೇ ಹೇಳುತ್ತಾಳೆ. ಹುಳಿ ಹೆಚ್ಚು ಹೊತ್ತು ನಿಂತರೆ ಮೇಲ್ಮೈಯ ಸತುವನ್ನು ಎಳೆದುಕೊಳ್ಳುತ್ತದೆ, ಹಳದಿ ಹೋಗಿ ಕೆಂಪು ಮಚ್ಚೆ ಮೂಡುತ್ತದೆ.

ಹಂತ 3: ಬಿರುಕು ನೋಡುವುದು

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಬ್ರಿಟಿಷರ ಸೈನ್ಯ ನಮ್ಮ ದೇಶದಲ್ಲಿದ್ದಾಗ, ಮಳೆಗಾಲ ಬಂತೆಂದರೆ ಪೆಟ್ಟಿಗೆಯಲ್ಲಿದ್ದ ಕಾಡತೂಸುಗಳು ತಾವಾಗಿಯೇ ಕಂಠದಲ್ಲಿ ಸೀಳುತ್ತಿದ್ದವು. ಯಾರೂ ಮುಟ್ಟಿಲ್ಲ, ಹಾರಿಸಿಲ್ಲ. ಋತುವಿನ ಬಿರುಕು ಎಂದೇ ಅದಕ್ಕೆ ಹೆಸರಿಟ್ಟರು. ಕಾರಣ 1921ರವರೆಗೆ ಪೂರ್ತಿ ಬಗೆಹರಿಯಲಿಲ್ಲ: ಸಾಮಾನು ಇಟ್ಟದ್ದು ಕುದುರೆ ಲಾಯದಲ್ಲಿ. ಉಚ್ಚೆಯಿಂದ ಏಳುವ ಅಮೋನಿಯಾ, ಮಳೆಗಾಲದ ತೇವ, ತಗಡನ್ನು ಎಳೆದು ಆಕಾರ ಕೊಟ್ಟಾಗ ಲೋಹದೊಳಗೆ ಉಳಿದ ಬಿಗಿತ, ಈ ಮೂರೂ ಕೂಡಿದರೆ ಹಿತ್ತಾಳೆ ಸೀಳುತ್ತದೆ. ಹದವಾಗಿ ಕಾಯಿಸಿ ಬಿಗಿತ ಇಳಿಸಿದರೆ ನಿಲ್ಲುತ್ತದೆ.

ಒಂದು ಸಾಮ್ರಾಜ್ಯದ ಶಸ್ತ್ರಾಗಾರ ಇದನ್ನು ಕಲಿಯಲು ಇಷ್ಟು ಕಾಲ ಹಿಡಿಯಿತು. ನೀವು ಕೊಡವನ್ನು ದನದ ಕೊಟ್ಟಿಗೆಯಲ್ಲಿ ಇಡದಿದ್ದರೆ ಸಾಕು. ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣವನ್ನೂ ಹಚ್ಚಬೇಡಿ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ: ಠಣ್ ಎಂದರೆ ಗಟ್ಟಿ, ಒಡಕು ದನಿ ಬಂದರೆ ಬೆಸುಗೆಗೆ ಕೊಡಿ.

ಹಂತ 4: ಕಲಾಯಿ

ನೀರಿನ ಕೊಡಕ್ಕೆ ಬೇಕಿಲ್ಲ. ಸಾರು, ಮಜ್ಜಿಗೆ ಹಾಕುವ ಪಾತ್ರೆಗೆ ಬೇಕೇ ಬೇಕು, ಇಲ್ಲದಿದ್ದರೆ ಹುಳಿಗೆ ಕಿಲುಬೇಳುತ್ತದೆ. ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚಿ, 232 ಡಿಗ್ರಿಗೆ ಕರಗುವ ತವರವನ್ನು ಹತ್ತಿಯಿಂದ ಒಳಗೆಲ್ಲ ಸವರಿ, ನೀರಿಗೆ ಅದ್ದುವುದು. ಬಿಳಿ ಹೊಗೆ ಏಳುತ್ತದೆ, ಮೂಗು ಮುಚ್ಚಿಕೊಳ್ಳಿ. ಇದಕ್ಕೆ ಬೇಕಾದ ಮುಖ್ಯ ಬಿಡಿಭಾಗ ಕಲಾಯಿಗಾರ. ಸ್ಟೀಲು, ಪ್ಲಾಸ್ಟಿಕ್ಕು ಬಂದ ಮೇಲೆ ಈ ಭಾಗ ಎಲ್ಲ ಅಂಗಡಿಗಳಲ್ಲೂ ದಾಸ್ತಾನಿಲ್ಲ.

ಹಂತ 5: ತುಂಬುವುದು

ಮರಾಠವಾಡದಲ್ಲಿ ಕಷ್ಟದ ಹಂತ ಇದೊಂದೇ. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ನೀರು ತರಬೇಕಾಯಿತು. ಮೊದಲ ಗಾಡಿಯಲ್ಲಿ ಬಂದದ್ದು 10 ವ್ಯಾಗನ್, 5 ಲಕ್ಷ ಲೀಟರ್. ಅಷ್ಟು ಜತನದಿಂದ ಮದ್ದುಗುಂಡೂ ಸಾಗುವುದಿಲ್ಲ.

ತುಂಬಿದ ಹಿತ್ತಾಳೆ ಕೊಲ್ಲುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ಬ್ರಿಟನ್ನಿನ ನಾರ್ಥಂಬ್ರಿಯಾ ವಿಶ್ವವಿದ್ಯಾಲಯದ ರಾಬ್ ರೀಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದಂತೆ, ಹಿತ್ತಾಳೆ ಕೊಡದಲ್ಲಿಟ್ಟ ನೀರಿನ ಇ. ಕೋಲೈ ರೋಗಾಣುಗಳು 48 ಗಂಟೆಯಲ್ಲಿ ಪತ್ತೆಯಿಲ್ಲದಂತೆ ಸತ್ತವು. ಸಣ್ಣಗೆ ಬಿಡುಗಡೆಯಾಗುವ ತಾಮ್ರದ್ದು ಆ ಗುರಿ. ಇದಕ್ಕೆ ಪರವಾನಗಿ ಬೇಡ, ಜಿಲ್ಲಾಧಿಕಾರಿಯ ಸಹಿ ಬೇಡ. ಆದರೆ ನೀರು ಎರಡು ದಿನ ಕೊಡದಲ್ಲೇ ಉಳಿದಿರಬೇಕು, ಅಲ್ಲೇ ತೊಡಕು.

ನಳದಲ್ಲಿ ನೀರು ಯಾವಾಗ ಬರುತ್ತದೆ ಎಂಬುದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ. ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿ.