ಟೊಕೆಲಾವಿಗೆ ಹೊರಟವರಿಗೆ ದೊಡ್ಡ ಹುಣಸೆಯ ಬುದ್ಧಿಮಾತು

ಸವಣೂರಿನ ದೊಡ್ಡಹುಣಸೆ ಕಲ್ಮಠದ ಅಂಗಳಕ್ಕೆ ಪತ್ರಿಕೆಯ ಪ್ರತಿನಿಧಿ ಹೋದದ್ದು ಪರಿಸರ ದಿನದ ಲೇಖನಕ್ಕಲ್ಲ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಿಂದ ತಾಲ್ಲೂಕಿಗೊಬ್ಬರಂತೆ ನಾಲ್ವರು ಗೆಳೆಯರು ಗೋವಾ ಬೇಸರ ಬಂದು ಪೆಸಿಫಿಕ್ ಸಾಗರದ ಪಾಲಿನೇಷ್ಯಾಕ್ಕೆ, ಅದರಲ್ಲೂ ಟೊಕೆಲಾವ್ ಎಂಬ ದ್ವೀಪಗಳಿಗೆ ಹೊರಡುವ ಪ್ಲ್ಯಾನ್ ಹಾಕಿದ್ದರು. ಕಡಲು ದಾಟಿ ಬಂದ ಅನುಭವಸ್ಥರ ಒಂದು ಮಾತು ಬೇಕಿತ್ತು. ಇಲ್ಲಿನವರು ದೊಡ್ಡ ಹುಣಸೆ ಎನ್ನುವ ಆಫ್ರಿಕಾ ಮೂಲದ ಬಾವೋಬಾಬ್‌ಗಿಂತ ಹಿರಿಯ ಪ್ರಯಾಣಿಕರು ಆ ಸೀಮೆಯಲ್ಲಿ ಯಾರಿದ್ದಾರೆ? ಅಂಗಳದ ಮೂರು ಮರಗಳಲ್ಲಿ ಮಾತಿಗೆ ಸಿಕ್ಕಿದ್ದು ಹಿರಿಯ ಮರ.

“ಅಜ್ಜಾರ, ಟೊಕೆಲಾವ್ ಹೆಸರು ಕೇಳೀರೇನು?”

“ಕೇಳದ ಏನು! ನಿಂತಲ್ಲೇ ನಿಂತವಗ ಕೇಳೂದ ಉದ್ಯೋಗ. ನನ್ನ ಬುಡಕ್ಕ ಕುಂತವರೆಲ್ಲ ಮೊಬೈಲ್ ನೋಡತಾರ, ನಾನೂ ಬಗ್ಗಿ ನೋಡತೀನಿ. ಅಟಾಫು, ನುಕುನೊನು, ಫಕಾವೊಫೊ ಅಂತ ಮೂರು ಹವಳದ ದ್ವೀಪ. ನಾವೂ ಮೂವರು, ಅವೂ ಮೂರು. ನ್ಯೂಜಿಲೆಂಡಿನವರ ಆಡಳಿತಕ್ಕ ಸೇರಿದ್ದು. ಎಲ್ಲಾ ಕೂಡಿ ನೆಲ ಸುಮಾರು 12 ಚದರ ಕಿಲೋಮೀಟರ್, ಜನ ಒಂದೂವರೆ ಸಾವಿರದಷ್ಟು. ಆದ್ರ ತಮ್ಮಾ, ಅಲ್ಲಿ ವಿಮಾನ ನಿಲ್ದಾಣ ಇಲ್ಲ.”

ಗೆಳೆಯರ ಪ್ಲ್ಯಾನಿನಲ್ಲಿ ಈ ಸಂಗತಿ ಇರಲಿಲ್ಲ. ಮರ ದಾರಿ ಹೇಳತೊಡಗಿತು: ಯಲವಿಗಿಯಲ್ಲಿ ರೈಲು ಹತ್ತಿ ಬೆಂಗಳೂರು, ಅಲ್ಲಿಂದ ವಿಮಾನ ಬದಲಿಸುತ್ತ ಆಕ್ಲೆಂಡ್, ಮತ್ತೊಂದು ವಿಮಾನದಲ್ಲಿ ಸಮೋವಾದ ಅಪಿಯಾ. ಆಮೇಲೆ ಹಡಗು. ಉತ್ತರಕ್ಕೆ ಸುಮಾರು 500 ಕಿಲೋಮೀಟರ್, ಒಂದು ಹಗಲು ಒಂದು ರಾತ್ರಿಗೂ ಮೀರಿದ ಪ್ರಯಾಣ. ಹಡಗು ದಡಕ್ಕೆ ಹೋಗುವುದಿಲ್ಲ, ಹೋಗಲು ಬಂದರೇ ಇಲ್ಲ. ಹವಳದ ದಿಬ್ಬದ ಹೊರಗೆ ಅದು ನಿಂತುಕೊಳ್ಳುತ್ತದೆ. ಪ್ರಯಾಣಿಕರು ಅಲೆಯ ಏರಿಳಿತ ನೋಡಿಕೊಂಡು ಸಣ್ಣ ದೋಣಿಗೆ ಇಳಿಯಬೇಕು.

“ಹಿರೇಕೆರೂರಿನವ್ರು ಮದಗದ ಕೆರೀ ಬಿಟ್ರ ಅಷ್ಟು ನೀರು ನೋಡಿಲ್ಲರೀ” ಎಂದ ಪ್ರತಿನಿಧಿ.

“ಕಡಲು ಕಾಣದ ಊರವ್ರು ಕಡಲಿಗೆ ಹೋಗಬಾರದಂತ ಏನಿಲ್ಲ. ವಿ. ಕೃ. ಗೋಕಾಕರು 1909ರಾಗ ಇದೇ ಸವಣೂರಾಗ ಹುಟ್ಟಿದವ್ರು. ಆಕ್ಸ್‌ಫರ್ಡಿಗೆ ಹೋಗಿ ಬಂದು ‘ಸಮುದ್ರದಾಚೆಯಿಂದ’ ಅಂತ ಪ್ರವಾಸಕಥನ ಬರದ್ರು. ನಿಮ್ಮ ನಾಲ್ವರು ಏನು ಬರೀತಾರ? ಸ್ಟೇಟಸ್ ಹಾಕತಾರ.”

ಚೀಲದಲ್ಲಿ ಏನೇನು ಒಯ್ಯುತ್ತಾರೆ ಎಂದು ಮರ ವಿಚಾರಿಸಿತು. ಪಟ್ಟಿ ಸಿದ್ಧವಿತ್ತು: ಸವಣೂರು ಖಾರಾ, ಒಂದು ಕಟ್ಟು ಸವಣೂರು ಎಲೆ, ಹಾನಗಲ್ಲಿನ ಮಾವಿನಹಣ್ಣು, ಉಪ್ಪಿನಕಾಯಿ, ಹಿತ್ತಲಿನ ಒಂದಿಷ್ಟು ಬೀಜ.

ಮರ ಗಹಗಹಿಸಿ ನಕ್ಕಿತು. “ಆಕ್ಲೆಂಡಿನ ಕಟ್ಟೀ ಮ್ಯಾಗ ಅದನ್ನೆಲ್ಲ ಇಳಿಸಿ ತೋರಸಬೇಕು. ಹೇಳದ ಒಯ್ದ್ರ 400 ಡಾಲರ್ ದಂಡ, ಅದೂ ಅವರ ಡಾಲರ್. ಎಲಿ, ಹಣ್ಣು, ಬೀಜ ಕಂಡ್ರ ಅವರಿಗೆ ಆಗೂದಿಲ್ಲ. ನಮ್ಮ ಪುಣ್ಯ, ನಾವು ಬಂದಾಗ ಇಲ್ಲಿ ಕಸ್ಟಮ್ಸ್ ಇರಲಿಲ್ಲ. ಯಾರ ಜೋಳಿಗ್ಯಾಗ ಬಂದ್ವೋ, ಕಾಗದ ಪತ್ರ ಒಂದೂ ಇಲ್ಲ. ಆದ್ರೂ ಸವಣೂರಿನ ಮಂದಿ ನಮ್ಮನ್ನ ಶ್ರೀಕೃಷ್ಣ ಪರಮಾತ್ಮ ನೆಟ್ಟ ಅಂತ ಹೇಳಿ ಪೂಜಿ ಮಾಡತಾರ. ಪರದೇಶಿ ಅಂದವ್ರು ಇಲ್ಲ. ಇವತ್ತ ಬಂದಿದ್ರ ಆಧಾರ್ ಕೇಳತಿದ್ರು.”

ವೀಸಾ ಆದರೆ ಮುಗಿಯಿತಲ್ಲ ಎಂದು ಪ್ರತಿನಿಧಿ ಕೇಳಿದಾಗ ಮರದ ದನಿ ಗಡುಸಾಯಿತು.

“ಮುಗಿಯೂದಲ್ಲ, ಶುರುವಾಗೂದು. ಒಂದೊಂದು ದ್ವೀಪಕ್ಕ ಹಿರಿಯರದೊಂದು ಸಭಾ ಐತಿ, ತೌಪುಲೆಗಾ ಅಂತಾರ. ಅವರು ‘ಬರ್ರಿ’ ಅನ್ನದ ದೋಣಿ ಹತ್ತೂ ಹಂಗಿಲ್ಲ. ಉಳಕೊಳ್ಳಾಕ ಮನಿ ಗೊತ್ತು ಮಾಡಿರಬೇಕು. ಇಲ್ಲಿ ನೋಡು, ನನ್ನ ಮುಂದ ನಿಂತು ಫೋಟೋ ತಕ್ಕೊಂಡು, ತೊಗಟಿ ಮ್ಯಾಗ ಕಲ್ಲೀಲೆ ಹೆಸರು ಕೆತ್ತಿ ಹೋಗತಾರ. ಬರಲೇನು ಅಂತ ಕೇಳಿದವ್ನ ನಾ ಇನ್ನೂ ಕಂಡಿಲ್ಲ.”

ಪ್ರತಿನಿಧಿ ಪೆನ್ನು ತಿರುವುತ್ತ ಸುಮ್ಮನಾದ. ಅವನ ಪತ್ರಿಕೆಯೂ ಕೇಳಿರಲಿಲ್ಲ.

ಶಿಗ್ಗಾಂವಿಯ ಗೆಳೆಯನಿಗೆ ಕರೆಂಟಿನ ಚಿಂತೆ ಇತ್ತು. ಅದಕ್ಕೆ ಉತ್ತರ ತಕ್ಷಣ ಬಂತು: 2012ರಲ್ಲಿ ಡೀಸೆಲ್ ಜನರೇಟರ್ ಬದಿಗಿಟ್ಟು ಆ ದ್ವೀಪಗಳು ಸೌರವಿದ್ಯುತ್ತಿಗೆ ಬದಲಾದವು. ಸರಕಾರಿ ನೌಕರನಾದ ಹಾನಗಲ್ಲಿನವನದು ರಜೆಯ ಪ್ರಶ್ನೆ. 2011ರ ಡಿಸೆಂಬರ್ 30, ಶುಕ್ರವಾರ ಅಲ್ಲಿ ಬರಲೇ ಇಲ್ಲ. ಸಮೋವಾದ ಜೊತೆ ಟೊಕೆಲಾವ್ ಕೂಡ ದಿನಾಂಕ ರೇಖೆಯ ಈಚೆಗೆ ದಾಟಿ, ಗುರುವಾರ ಮಲಗಿದವರು ಶನಿವಾರ ಎದ್ದರು. ಹಾಗೆ ಬಾರದ ದಿನಕ್ಕೆ ಸಿ.ಎಲ್. ಹಾಕಬೇಕೋ ಬೇಡವೋ ಎಂಬುದನ್ನು ಮರ ಖಜಾನೆ ಇಲಾಖೆಗೆ ಬಿಟ್ಟಿತು.

ಊಟ? ಮೀನು. ಹಿಡಿದದ್ದನ್ನು ಒಂದೆಡೆ ಹಾಕಿ ಊರಿನವರಿಗೆಲ್ಲ ಪಾಲು ಮಾಡುವ ‘ಇನಾತಿ’ ಎಂಬ ಪದ್ಧತಿ ಇದೆ. ಸ್ವತಃ ಮೀನಿಗೆ ಹೋಗಲಾಗದ ಮುದುಕರಿಗೂ ಪಾಲು ಉಂಟು. ಹಂಚುವವರು ತಮ್ಮ ಮನೆಗೆ ದೊಡ್ಡ ಪಾಲು ಒಯ್ಯುವುದಿಲ್ಲವೇ ಎಂದು ಪ್ರತಿನಿಧಿ ಮೂರು ಸಲ ಕೇಳಿದ. ಅನುಭವದ ಮಾತು.

“ಒಂದ್ ಮಾತು. ಜಲ್ದಿ ಹೋಗಂತ ಹೇಳು. ಆ ನೆಲ ಸಮುದ್ರಕ್ಕಿಂತ 5 ಮೀಟರಿನಷ್ಟು ಎತ್ತರ ಅಷ್ಟ. ನೀರು ಮ್ಯಾಲ ಬರಾಕತ್ತೈತಿ. ಬುಡ ಸಡ್ಲಾದ್ರ ಏನಾಗತೈತಿ ಅಂತ ನನ್ನ ತಮ್ಮನ್ನ ಕೇಳು. 2023ರ ಮಳ್ಯಾಗ ಉರುಳಿದ. ಎತ್ತಿ ನೆಟ್ಟಾರ.”

ಕೊನೆಗೆ ರಾಜಧಾನಿಯ ಮಾತು ಬಂತು. ಟೊಕೆಲಾವಿಗೆ ಕಾಯಂ ರಾಜಧಾನಿ ಇಲ್ಲ. ಮುಖ್ಯಸ್ಥನ ಸ್ಥಾನ ವರ್ಷಕ್ಕೊಮ್ಮೆ ಮೂರು ದ್ವೀಪಗಳ ನಾಯಕರ ನಡುವೆ ಸುತ್ತುತ್ತದೆ, ರಾಜಧಾನಿಯೂ ಅವನ ಬೆನ್ನಿಗೆ ಹೋಗುತ್ತದೆ. 2007ರಲ್ಲಿ ಸ್ವಯಮಾಡಳಿತಕ್ಕೆ ಶೇ. 64ಕ್ಕೂ ಹೆಚ್ಚು ಮತ ಬಂದರೂ ಮೂರನೇ ಎರಡು ಪಾಲು ಬೇಕೆಂಬ ನಿಯಮದಿಂದ ಅದು ಬಿದ್ದುಹೋಯಿತು. ಯಾರೂ ಬಸ್ಸಿಗೆ ಕಲ್ಲು ಹೊಡೆಯಲಿಲ್ಲ. ಹೊಡೆಯಲು ಬಸ್ಸೂ ಇರಲಿಲ್ಲ.

ಪ್ರತಿನಿಧಿಗೆ ಹುರುಪು ಬಂತು. “ಅಜ್ಜಾರ, 1997ರಾಗ ಹಾವೇರಿ ಜಿಲ್ಲಾ ಆದಾಗ ಹಿಂಗ ಮಾಡಬಹುದಿತ್ತಲ್ಲ! ಒಂದ್ ವರ್ಷ ಹಾನಗಲ್ಲಾಗ ಜಿಲ್ಲಾಧಿಕಾರಿ ಕಚೇರಿ, ಒಂದ್ ವರ್ಷ ಶಿಗ್ಗಾಂವಿ, ಒಂದ್ ವರ್ಷ ಹಿರೇಕೆರೂರು… ನಾ ಬರೀಲೇನು?”

ನವಾಬರ ಕಾಲದಲ್ಲಿ ರಾಜಧಾನಿಯಾಗಿದ್ದ ಊರಿನ ಮರ ಕೊಂಬೆ ನೆಟ್ಟಗೆ ಮಾಡಿಕೊಂಡು ಕೇಳಿತು:

“ಬರಿ. ಆದ್ರ ಸವಣೂರ ಯಾಕ ಬಿಟ್ಟಿ? ಮೊದಲನೇ ವರ್ಷ ಇಲ್ಲೇ ಅಂತ ಹಾಕು.”