ಅಪ್ಪ-ಅಮ್ಮನ ಶುಗರ್ ಎಷ್ಟೆಂದು ಬಲ್ಲ ಮಕ್ಕಳಿಗೆ

ಪ್ರಿಯರೇ,

ಅಮ್ಮನ ಬಿಪಿ ಎಷ್ಟು, ಅಪ್ಪನ ಶುಗರ್ ಊಟಕ್ಕೆ ಮುಂಚೆ ಎಷ್ಟು, ಆಮೇಲೆ ಎಷ್ಟು, ಎಲ್ಲ ನಿಮಗೆ ಬಾಯಿಪಾಠ. ತಿಂಗಳ ಮಾತ್ರೆಗಳು ತಪ್ಪದೆ ಮನೆ ಸೇರುತ್ತವೆ. ಅದನ್ನು ಮನಸಾರೆ ಮೆಚ್ಚಿ ಕೇಳುತ್ತಿದ್ದೇನೆ: ಅಮ್ಮ ಬಾಗಿಲಿಗೆ ರಂಗೋಲಿ ಹಾಕುವುದನ್ನು ಬಿಟ್ಟದ್ದು ಯಾವಾಗ? ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗುವುದನ್ನು ಅಪ್ಪ ನಿಲ್ಲಿಸಿದ್ದು ಯಾವಾಗ?

‘ವಯಸ್ಸಾಯ್ತಲ್ಲ’ ಎನ್ನುತ್ತೀರಿ. ಮಂಡಿನೋವಿರಬಹುದು, ಕಣ್ಣು ಮಂಜಾಗಿರಬಹುದು. ಮೊದಲು ಅದನ್ನೇ ತೋರಿಸಿ. ಆದರೆ ಕಾರಣ ಖಿನ್ನತೆಯೂ ಇರಬಹುದು. ಖಿನ್ನತೆ ಮುಪ್ಪಿನ ಸಹಜ ಪಾಲಲ್ಲ, ಅದೊಂದು ಕಾಯಿಲೆ. ಹಿರಿಯರು ‘ಬೇಜಾರು’ ಎಂದು ಹೇಳದೆಯೂ ಇರಬಹುದು. ಮೈಕೈ ನೋವು, ಊಟ ಸೇರದಿರುವುದು, ನಸುಕಿಗೆ ಮೊದಲೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಹೀಗೂ ಅದು ಕಾಣಿಸುತ್ತದೆ. ಮರೆವೂ ಜೊತೆಗೂಡಿದರೆ ‘ಅರಳುಮರಳು’ ಎಂದು ಮನೆಯವರೇ ತೀರ್ಪು ಕೊಟ್ಟುಬಿಡುತ್ತಾರೆ. ಥೈರಾಯ್ಡ್ ತೊಂದರೆ, ಬಿ12 ಕೊರತೆಯೂ ಹೀಗೇ ಕಾಣಬಲ್ಲವು. ಅದಕ್ಕೇ ವೈದ್ಯರು ನೋಡಬೇಕು.

1969ರಲ್ಲಿ ಲಾಟನ್ ಮತ್ತು ಬ್ರಾಡಿ ಎಂಬ ಅಮೆರಿಕದ ಸಂಶೋಧಕರು ಹಿರಿಯರ ಸ್ವಾವಲಂಬನೆ ಅಳೆಯಲು ಎಂಟು ಕೆಲಸಗಳನ್ನು ಗುರುತಿಸಿದರು: ಫೋನ್ ಮಾಡುವುದು, ಸಾಮಾನು ತರುವುದು, ಅಡುಗೆ, ಮನೆಗೆಲಸ, ಬಟ್ಟೆ ಒಗೆತ, ಓಡಾಟ, ತನ್ನ ಮಾತ್ರೆ, ತನ್ನ ದುಡ್ಡು. ಸ್ನಾನ, ಊಟಗಳಿಗಿಂತ ಮುಂಚೆ ಸಾಮಾನ್ಯವಾಗಿ ಸಡಿಲವಾಗುವುದು ಇವೇ. ಮನಸ್ಸು ಕುಗ್ಗಿದರೆ ಕೆಲಸ ನಿಲ್ಲುತ್ತದೆ, ಕೆಲಸ ನಿಂತರೆ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಆ ಹೊತ್ತಿಗೆ ನಾವು ಪ್ರೀತಿಯಿಂದಲೇ ‘ನೀವು ಸುಮ್ನೆ ಕೂತ್ಕೊಳ್ಳಿ’ ಎಂದು ಉಳಿದದ್ದನ್ನೂ ಕಿತ್ತುಕೊಳ್ಳುತ್ತೇವೆ. ನನಗೆ ಅತಿ ಹೆಚ್ಚು ನೋವು ಕೊಡುವುದು ಈ ಪ್ರೀತಿಯೇ. ಸೊಪ್ಪು ಬಿಡಿಸುವುದು, ಹಾಲಿನ ಲೆಕ್ಕ, ಮೊಮ್ಮಗಳನ್ನು ಸ್ಕೂಲ್ ಬಸ್ಸಿಗೆ ಬಿಡುವುದು, ಒಂದನ್ನಾದರೂ ಅವರಿಗೆ ಮರಳಿಸಿ. ನಿಧಾನವಾದರೆ ಆಗಲಿ.

ಹಿರಿಯರ ಖಿನ್ನತೆ ಪತ್ತೆಗೆಂದೇ ಹೌದು-ಇಲ್ಲ ಎಂದು ಉತ್ತರಿಸುವ 15 ಪ್ರಶ್ನೆಗಳ ಪಟ್ಟಿಯಿದೆ. ಕೆಲವೇ ನಿಮಿಷ ಸಾಕು. ಮುಂದಿನ ಸಲ ಶುಗರ್ ತೋರಿಸಲು ಹೋದಾಗ ಅದನ್ನೂ ಕೇಳಿಸಿ. ಔಷಧಿ ಬರೆದುಕೊಟ್ಟರೆ ಗುಣ ಕಾಣಲು ಕೆಲವು ವಾರ ಬೇಕು. ಎಂಟು ದಿನಕ್ಕೇ ‘ಪ್ರಯೋಜನವಿಲ್ಲ’ ಎಂದು ನಿಲ್ಲಿಸಬೇಡಿ. ಕೆಲವು ಮಾತ್ರೆಗಳಿಂದ ವಯಸ್ಸಾದವರ ರಕ್ತದಲ್ಲಿ ಸೋಡಿಯಂ ಇಳಿಯಬಹುದು, ಆ ಪರೀಕ್ಷೆಯ ಬಗ್ಗೆ ವೈದ್ಯರನ್ನೇ ವಿಚಾರಿಸಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

‘ದೇವರು ಬೇಗ ಕರ್ಕೊಳ್ಳಬಾರ್ದಾ’ ಎಂದು ಅವರು ಅಂದರೆ ನಕ್ಕು ಮಾತು ಮರೆಸಬೇಡಿ. ಪಕ್ಕದಲ್ಲಿ ಕೂತು, ಸಾಯಬೇಕು ಅನ್ನಿಸುತ್ತಿದೆಯೇ ಎಂದು ನೇರವಾಗಿ ಕೇಳಿ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ, ಅವತ್ತೇ ವೈದ್ಯರ ಬಳಿಗೆ ಕರೆದೊಯ್ಯಿರಿ.

ಇತಿ,
ಹಿರಿಯರೊಡನೆ ಬಾಳುತ್ತಿರುವ ನಿಮ್ಮಂಥವಳೇ ಒಬ್ಬಳು