ಬ್ಲೇಡ್ ರಾಯರು

ಬೆಂಗಳೂರಿಗೆ ಗಾಲ್ಫ್ ಹೊಸತಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದೇ 1876ರಲ್ಲಿ. ಹೊಸಬರು ನಮ್ಮ ಬ್ಲೇಡ್ ರಾಯರು. ಕಂಪನಿಯಲ್ಲಿ ವೈಸ್ ಪ್ರೆಸಿಡೆಂಟ್ ಆದ ಮೇಲೆ ಆಟಕ್ಕಿಳಿದವರು, ಭಾನುವಾರ ಬೆಳಿಗ್ಗೆ ಬಿಟ್ಟರೆ ಕೋಲು ಮುಟ್ಟದವರು, ಹ್ಯಾಂಡಿಕ್ಯಾಪ್ 28. ಪಳಗಿದ ಕೈ 72 ಹೊಡೆತದಲ್ಲಿ ಮುಗಿಸುವ ಸುತ್ತಿಗೆ ಇವರಿಗೆ ನೂರು ಬೇಕು, ಅದೂ ದೇವರು ಕಣ್ಣುಬಿಟ್ಟ ದಿನ. ಬ್ಯಾಗಿನಲ್ಲಿ ಮಾತ್ರ ಟೈಗರ್ ವುಡ್ಸ್ ಹಿಡಿಯುವ ಜಾತಿಯ ಬ್ಲೇಡ್ ಐರನ್‌ಗಳು: ತೆಳ್ಳಗೆ, ನುಣ್ಣಗೆ, ದೇವರಮನೆಯ ಬೆಳ್ಳಿಯ ಹಾಗೆ ಫಳಫಳ. ಸಂಬಳಕ್ಕೆ ತಕ್ಕ ಕಾರು, ಕಾರಿಗೆ ತಕ್ಕ ಮನೆ ಎಂದು ಏರಿ ಬಂದವರಿಗೆ ಐರನ್ನೂ ಹುದ್ದೆಗೆ ತಕ್ಕದ್ದೇ ಇರಬೇಕೆನಿಸುವುದು ಸಹಜ. ಕಷ್ಟವೆಂದರೆ ಚೆಂಡಿಗೆ ಹುದ್ದೆ ಗೊತ್ತಾಗುವುದಿಲ್ಲ, ಪೆಟ್ಟು ಎಲ್ಲಿ ಬಿತ್ತೆಂಬುದಷ್ಟೇ ಗೊತ್ತು.

ಬ್ಲೇಡಿನಲ್ಲಿ ಉಕ್ಕಿನ ತೂಕವೆಲ್ಲ ನಡುವಿನ ಹತ್ತಿರವೇ ಕೂತಿರುತ್ತದೆ. ಪೆಟ್ಟು ನಡುವಿಗೆ ಬಿದ್ದರೆ ಬೆಣ್ಣೆ. ಬೆರಳಗಲ ಆಚೀಚೆಯಾದರೆ ಐರನ್ನಿನ ತಲೆ ತಿರುಚಿಕೊಂಡು ಚೆಂಡು ಗುರಿ ಮುಟ್ಟುವ ಮೊದಲೇ ಮರಳಿಗೆ ಬೀಳುತ್ತದೆ. ಜನರಲ್ ಎಲೆಕ್ಟ್ರಿಕ್ಕಿನಲ್ಲಿ ಎಂಜಿನಿಯರಾಗಿದ್ದ ಕಾರ್ಸ್ಟನ್ ಸೋಲ್‌ಹೈಮ್ ಇದಕ್ಕೆ ಮದ್ದು ಹುಡುಕಿದ. ಬೆನ್ನು ಕೊರೆದು, ಆ ತೂಕವನ್ನು ಅಂಚಿಗೆ ಹಂಚಿದ. ಅವನ ಪಿಂಗ್ ಕಂಪನಿ 1982ರಲ್ಲಿ ತಂದ ಐ2 ಸೆಟ್ ಈ ಉಪಾಯವನ್ನು ಲೋಕಕ್ಕೆಲ್ಲ ಹಬ್ಬಿಸಿತು. ಎರಡೂ ಕೈಯಲ್ಲಿ ಕೊಡ ಹಿಡಿದು ನಡೆಯುವವಳನ್ನು ಪಕ್ಕಕ್ಕೆ ತಿರುಗಿಸುವುದು ಸುಲಭವಲ್ಲ. ಹೀಗೆ ಬೆನ್ನು ಕೊರೆದ ‘ಕ್ಯಾವಿಟಿ ಬ್ಯಾಕ್’ ಐರನ್ನಿನ ಗುಟ್ಟೂ ಅದೇ. ಅದು ತಪ್ಪನ್ನು ತಿದ್ದುವುದಿಲ್ಲ, ಮನ್ನಿಸುತ್ತದೆ. ರಾಯರು ಸಿಡುಕುವುದೂ ಇಲ್ಲಿಯೇ. ಅವರಿಗೆ ಬೇಕಿರುವುದು ಮನ್ನಣೆ. ಅಂಗಡಿಯವನು ತೋರಿಸುವುದು ಮನ್ನಿಸುವ ಐರನ್.

ಬ್ಲೇಡ್ ಪಾಠ ಕಲಿಸುತ್ತದೆ ಎಂಬ ವಾದವಿದೆ, ಅದರಲ್ಲಿ ಹುರುಳೂ ಇದೆ. ತಪ್ಪು ಪೆಟ್ಟಿಗೆ ಬೆರಳು ಜುಮ್ಮೆನ್ನುತ್ತದೆ; ಆ ಜುಮ್ಮೇ ಗುರು. ಆದರೆ ಗುರು ವಾರಕ್ಕೊಮ್ಮೆ ಬಂದು ಬೆತ್ತ ಬೀಸಿ ಹೋದರೆ ಮಗ್ಗಿ ಬರುವುದಿಲ್ಲ. ದಿನಾ ಅಭ್ಯಾಸದ ರೇಂಜಿನಲ್ಲಿ ನೂರಾರು ಚೆಂಡು ಹೊಡೆಯುವವನಿಗೆ ಅದು ಪಾಠ, ರಾಯರಿಗೆ ಬರೀ ಏಟು. ಬ್ಲೇಡಿನಲ್ಲಿ ಚೆಂಡನ್ನು ಬೇಕಾದತ್ತ ಬಾಗಿಸಬಹುದು ಎನ್ನುತ್ತಾರೆ. ರಾಯರ ಚೆಂಡು ಈಗಲೇ ಎರಡೂ ಕಡೆ ಬಾಗುತ್ತದೆ, ಬೇಡವೆಂದರೂ. ವೃತ್ತಿಪರರು ಹಿಡಿಯುತ್ತಾರಲ್ಲ ಎಂದರೆ, ಅವರಲ್ಲೇ ಎಷ್ಟೋ ಮಂದಿ ಉದ್ದದ ಐರನ್‌ಗಳಲ್ಲಿ ಕ್ಯಾವಿಟಿ ಬ್ಯಾಕನ್ನೇ ನೆಚ್ಚಿದ್ದಾರೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾಗಿ ಮುಗಿಸಿದಾಗ, ದೂರ ಹೊಡೆಯುವವರ ಸಾಲಿನಲ್ಲಿ ತೀರಾ ಹಿಂದಿದ್ದರು. ತಮ್ಮ ಬಲವೆಷ್ಟೆಂದು ಅರಿತು ಆಡಿದರು. ರಾಯರಿಗೆ ಬೇಕಿರುವುದೂ ಆ ಅರಿವೇ.

ರಾಯರ ದುಡ್ಡು, ರಾಯರಿಷ್ಟ ಎನ್ನಬಹುದು. ನಿಜ, ಆದರೆ ಚೆಂಡು ಹುಡುಕುವುದು ಜೊತೆಗಾರರು. ಹುಡುಕಾಟದ ಅವಧಿಯನ್ನು 2019ರ ನಿಯಮ 5 ನಿಮಿಷದಿಂದ 3ಕ್ಕೆ ಇಳಿಸಿದ್ದು ಅವರ ಮೇಲಿನ ಕನಿಕರಕ್ಕೇ ಇರಬೇಕು. ಪೊದೆಯಿಂದ ತಲೆಯೆತ್ತಿದ ಕ್ಯಾಡಿ "ಗಾಳಿ ಸಾರ್" ಎನ್ನುತ್ತಾನೆ. ಒಂದೆಲೆಯೂ ಅಲ್ಲಾಡುತ್ತಿರುವುದಿಲ್ಲ. ಯಾರ ಕೈಗೆ ಯಾವ ಸೆಟ್ ಎಂಬುದು ಅವನಿಗೆ ಮೊದಲ ಹೊಡೆತಕ್ಕೇ ಗೊತ್ತು, ಕೇಳುವವರಿಲ್ಲ ಅಷ್ಟೆ.

ಹಾಗೆಂದು ಮನ್ನಿಸುವ ಐರನ್ ಕೊಂಡಕೂಡಲೇ ಬುದ್ಧಿ ಬಂತೆಂದಲ್ಲ. ಹಿಂದೆ 7ನೇ ಐರನ್ನಿನ ಮುಖ ಸುಮಾರು 35 ಡಿಗ್ರಿ ಹಿಂದಕ್ಕೆ ವಾಲಿರುತ್ತಿತ್ತು. ಇಂದಿನ ಹಲವು ಸೆಟ್‌ಗಳಲ್ಲಿ 30ಕ್ಕೂ ಕಡಿಮೆ, ಚೆಂಡು ದೂರ ಹೋಗಲೆಂದು. ಹಳೆಯ 5ರ ಮೇಲೆ 7 ಎಂದು ಅಚ್ಚೊತ್ತಿದ್ದಾರೆ, ಅಷ್ಟೇ. "ಏಳರಲ್ಲೇ ನೂರರವತ್ತು ಗಜ!" ಎಂದು, ನಾಳೆ ಅಂಥ ಸೆಟ್ ಕೊಂಡ ರಾಯರು ಕ್ಲಬ್ಬಿನ ಬಾರಿನಲ್ಲಿ ಬೀಗಿದರೆ ಅದು, ಪ್ಯಾಂಟಿನ ಸೊಂಟಪಟ್ಟಿಯ ನಂಬರು ತಿದ್ದಿ ತೆಳ್ಳಗಾದೆನೆಂದ ಹಾಗೆ.

ಕೈ ನಿಜಕ್ಕೂ ಪಳಗಿ ಬ್ಲೇಡೇ ಬೇಕೆನಿಸಿದವರು ಹೊಸದಕ್ಕೆ ದುಡ್ಡು ಸುರಿಯಬೇಡಿ. ಸ್ವಲ್ಪ ಕಾದರೆ ರಾಯರ ಸೆಟ್ಟೇ ಅರ್ಧ ಬೆಲೆಗೆ ಬರುತ್ತದೆ. ಹಿಮ್ಮಡಿ, ತುದಿ ಸವೆದಿರುತ್ತವೆ. ನಡುಭಾಗ ಹೊಚ್ಚ ಹೊಸದು.